ನಿಮ್ಮ ವೆಬ್‌ಸೈಟಿನ ಪಹಣಿ ಯಾರ ಹೆಸರಲ್ಲಿದೆ?

2023ರ ಮಾರ್ಚ್. ಬಿಸಿಲು ಏರುತ್ತಿತ್ತು. ಪುನರ್ಪುಳಿ ಸಿರಪ್ಪಿಗೆ ಬೇಡಿಕೆ ಶುರುವಾಗುವ ಹೊತ್ತು. ಆದರೆ ನಮ್ಮ ಫೋನ್ ಮಾತ್ರ ತಣ್ಣಗಿತ್ತು. ಕೊನೆಗೆ ಮೈಸೂರಿನ ಹಳೇ ಗಿರಾಕಿಯೊಬ್ಬರು ಕರೆ ಮಾಡಿದರು. "ಏನ್ರೀ, ನಿಮ್ಮ ತೋಟದ ಹೆಸರು ಗೂಗಲಿನಲ್ಲಿ ಹುಡುಕಿದ್ರೆ ಚೀನಾ ಅಕ್ಷರ ಬರ್ತಿದೆ. ಶೂ ವ್ಯಾಪಾರ ಶುರು ಮಾಡಿದ್ರಾ?"

ನಾನು ನಕ್ಕುಬಿಟ್ಟೆ. ರಜೆಗೆ ಬಂದಿದ್ದ ಮಗಳು ನೋಡಿ ಹೇಳಿದಳು, "ಅಪ್ಪಾ, ಇದು ನಗುವ ವಿಷಯ ಅಲ್ಲ. ಅಕ್ಷರ ಚೀನಾದ್ದಲ್ಲ, ಜಪಾನಿನದ್ದು. ನಮ್ಮ ವೆಬ್‌ಸೈಟಿನೊಳಗೆ ಯಾರೋ ಹೊಕ್ಕಿದ್ದಾರೆ."

ಹಲಸಿನ ಹಪ್ಪಳ, ಪುನರ್ಪುಳಿ ಸಿರಪ್ಪು ಮಾರಲೆಂದು 2018ರಲ್ಲಿ ನಾವು ವೆಬ್‌ಸೈಟ್ ಮಾಡಿಸಿದ್ದೆವು. ಮಾಡಿಕೊಟ್ಟವನು ಪಕ್ಕದೂರಿನ ಹುಡುಗ, ಒಳ್ಳೆಯವ. ಹೆಸರು ನೋಂದಾಯಿಸಿದ್ದು, ಪಾಸ್‌ವರ್ಡ್ ಇಟ್ಟದ್ದು, ಗೂಗಲಿಗೆ ತೋರಿಸಿಕೊಟ್ಟದ್ದು ಎಲ್ಲ ಅವನದೇ ಇಮೇಲಿನಲ್ಲಿ. ನಾನು ದುಡ್ಡು ಕೊಟ್ಟೆ, ಅಷ್ಟೆ. ಆಮೇಲೆ ಅವನು ಗಲ್ಫಿಗೆ ಹೋದ. ತಾಣದ ತಂತ್ರಾಂಶಕ್ಕೆ ವರ್ಷಗಟ್ಟಲೆ ಅಪ್‌ಡೇಟ್ ಆಗಲಿಲ್ಲ. ಬೇಲಿ ಹಾಳಾದ ತೋಟಕ್ಕೆ ದನ ನುಗ್ಗದೆ ಇರುತ್ತದೆಯೇ?

ಒಡೆತನದ ಗುರುತು ಎಂದರೇನು?

ಗೂಗಲ್, ಬಿಂಗ್‌ನಂಥ ಹುಡುಕುಯಂತ್ರಗಳು ವೆಬ್‌ಸೈಟಿನ ಒಡೆಯರಿಗೆ ಕೆಲವು ಮಾಹಿತಿ ಕೊಡುತ್ತವೆ. ಗೂಗಲಿನ ಈ ಸೇವೆಯ ಹೆಸರು ಸರ್ಚ್ ಕನ್ಸೋಲ್. 2015ರ ತನಕ ಇದಕ್ಕೆ ವೆಬ್‌ಮಾಸ್ಟರ್ ಟೂಲ್ಸ್ ಎಂಬ ಹೆಸರಿತ್ತು. ಸೇವೆ ಪೂರ್ತಿ ಉಚಿತ. ಜನ ಯಾವ ಪದ ಹುಡುಕಿ ನಮ್ಮಲ್ಲಿಗೆ ಬಂದರು, ಯಾವ ಪುಟಕ್ಕೆ ತೊಂದರೆ ಇದೆ, ಯಾರಾದರೂ ಕನ್ನ ಹಾಕಿದ್ದಾರೋ ಎಲ್ಲ ಇಲ್ಲಿ ಗೊತ್ತಾಗುತ್ತದೆ.

ಕೇಳಿದವರಿಗೆಲ್ಲ ಇದನ್ನು ಹೇಳಲಾದೀತೇ? ಹಾಗಾಗಿ ಗೂಗಲ್ ಒಂದು ಪರೀಕ್ಷೆ ಇಟ್ಟಿದೆ. 'ಜಾಗ ನಿಮ್ಮದೆಂದು ಹೇಳುತ್ತೀರಲ್ಲ, ಹಾಗಾದರೆ ನಾನು ಕೊಡುವ ಈ ಗುರುತಿನ ಕಲ್ಲನ್ನು ಅದರೊಳಗೆ ನೆಟ್ಟು ತೋರಿಸಿ' ಎಂಬಂತೆ. ಒಳಗೆ ಹೋಗುವ ಬೀಗದ ಕೈ ಇದ್ದವರು ಮಾತ್ರ ನೆಡಬಲ್ಲರು. ಕಲ್ಲು ಕಂಡರೆ ನಿಮ್ಮನ್ನು ಒಡೆಯನೆಂದು ಒಪ್ಪುತ್ತದೆ.

ಇದರಲ್ಲೇ ಒಂದು ಅಪಾಯವೂ ಉಂಟು. ಕಳ್ಳನಿಗೆ ಬೀಗದ ಕೈ ಸಿಕ್ಕಿದರೆ ಅವನೂ ಕಲ್ಲು ನೆಡಬಲ್ಲ! ನಮ್ಮಲ್ಲಿ ಆದದ್ದು ಅದೇ. ಹೊಸ ಒಡೆಯ ಸೇರಿಕೊಂಡಾಗ ಗೂಗಲ್ ಹಳೆಯ ಒಡೆಯನಿಗೆ ಇಮೇಲ್ ಕಳಿಸುತ್ತದೆ. ಆ ಎಚ್ಚರಿಕೆ ಹೋದದ್ದು ಹುಡುಗನ ಹಳೆಯ ಇಮೇಲಿಗೆ. ಅದನ್ನು ಅವನು ತೆರೆಯುವುದನ್ನೇ ಬಿಟ್ಟಿದ್ದ.

ನಾವು ಮಾಡಿದ ಕ್ರಮ

ಹುಡುಗನಿಗೆ ಫೋನ್ ಮಾಡಿದೆವು. ಪಾಪ, ಬೇಸರಪಟ್ಟು ಪಾಸ್‌ವರ್ಡ್‌ಗಳನ್ನೆಲ್ಲ ಕೊಟ್ಟ. ಅವನ ನಂಬರು ಬದಲಾಗಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ! ಮಗಳು ಮಾಡಿದ್ದು ಹೀಗೆ:

1. ನನ್ನ ಹೆಸರಿನ ಇಮೇಲಿನಿಂದ ಸರ್ಚ್ ಕನ್ಸೋಲಿಗೆ ಹೋಗಿ, ಹೊಸ ಪ್ರಾಪರ್ಟಿ ಸೇರಿಸಲು 'ಡೊಮೈನ್' ಎಂಬುದನ್ನು ಆರಿಸಿದಳು. ನಮ್ಮ ತಾಣದ ಹೆಸರು ಬರೆದಳು.

2. ಗೂಗಲ್ ಅಕ್ಷರ-ಅಂಕಿಗಳ ಒಂದು ಉದ್ದ ಸಾಲು ಕೊಟ್ಟಿತು. ಇದೇ ಗುರುತಿನ ಕಲ್ಲು.

3. ಡೊಮೈನ್ ಹೆಸರು ಖರೀದಿಸಿದ ಕಂಪೆನಿಯ ಖಾತೆ ತೆರೆದು, ಡಿಎನ್‌ಎಸ್ ಎಂಬ ಪುಟದಲ್ಲಿ 'ಟಿಎಕ್ಸ್‌ಟಿ' ಎಂಬ ಬಗೆಯ ದಾಖಲೆ ಸೇರಿಸಿ, ಆ ಸಾಲನ್ನು ಹಾಗೇ ಅಂಟಿಸಿದಳು.

4. ವಾಪಸು ಬಂದು 'ವೆರಿಫೈ' ಒತ್ತಿದಳು. ಮೊದಲ ಸಲ ಆಗಲಿಲ್ಲ. ಡಿಎನ್‌ಎಸ್ ಬದಲಾವಣೆ ಎಲ್ಲ ಕಡೆ ಕಾಣಲು ಒಂದೆರಡು ದಿನ ಬೇಕಾಗುವುದುಂಟು. ಮರುದಿನ ಬೆಳಿಗ್ಗೆ ಒತ್ತಿದಾಗ ಆಯ್ತು.

ಡಿಎನ್‌ಎಸ್ ಕಷ್ಟ ಎನ್ನುವವರಿಗೆ ಬೇರೆ ದಾರಿ ಇದೆ. ಪ್ರಾಪರ್ಟಿ ಸೇರಿಸುವಾಗ 'ಡೊಮೈನ್' ಬದಲು ವೆಬ್‌ಸೈಟಿನ ಪೂರ್ತಿ ವಿಳಾಸ ಕೊಡುವ ಬಗೆಯನ್ನು ಆರಿಸಬೇಕು. ಆಗ ಗೂಗಲ್ ಒಂದು ಸಣ್ಣ ಫೈಲ್ ಕೊಡುತ್ತದೆ. ಅದರ ಹೆಸರನ್ನೂ ಒಳಗಿನ ಬರಹವನ್ನೂ ತಿದ್ದದೆ ತಾಣದ ಮುಖ್ಯ ಫೋಲ್ಡರಿನಲ್ಲಿ ಇಟ್ಟರಾಯಿತು. ಇಲ್ಲವೇ ಮುಖಪುಟದ ತಲೆಭಾಗದಲ್ಲಿ ಒಂದು ಸಾಲು ಸೇರಿಸಬಹುದು. ಬಿಂಗ್‌ನಲ್ಲಿ ಇನ್ನೂ ಸುಲಭ. ಗೂಗಲಿನಲ್ಲಿ ಒಡೆತನ ಸಾಬೀತಾಗಿದ್ದರೆ ಅಲ್ಲಿಂದಲೇ ತರಿಸಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಕೆಲಸ ಆಯಿತೆಂದು ಈ ಗುರುತನ್ನು ಕಿತ್ತು ಹಾಕಬೇಡಿ. ಗೂಗಲ್ ಆಗಾಗ ಬಂದು ನೋಡುತ್ತದೆ. ಗುರುತು ಇಲ್ಲದಿದ್ದರೆ ಸ್ವಲ್ಪ ಸಮಯದಲ್ಲಿ ಒಡೆತನ ರದ್ದಾಗುತ್ತದೆ.

ಕಳ್ಳನನ್ನು ಹೊರಗಟ್ಟಿದ್ದು

'ಸೆಟ್ಟಿಂಗ್ಸ್' ಒಳಗೆ ಒಡೆಯರ ಪಟ್ಟಿ ಇರುತ್ತದೆ. ಅಲ್ಲಿ ನಮಗೆ ಗೊತ್ತಿಲ್ಲದ ಒಂದು ಇಮೇಲ್! ಪಟ್ಟಿಯಿಂದ ಹೆಸರು ತೆಗೆದರೆ ಸಾಲದು. ಅವನು ನೆಟ್ಟ ಕಲ್ಲನ್ನೂ ಕೀಳಬೇಕು. ಇಲ್ಲದಿದ್ದರೆ ಮತ್ತೆ ಸೇರಿಕೊಳ್ಳುತ್ತಾನೆ. ಅವನ ಫೈಲನ್ನು ಅಳಿಸಿದೆವು. ಅಳಿಸಿದ ಮೇಲೂ ಆ ವಿಳಾಸ ತೆರೆದುಕೊಂಡರೆ ಒಳಗೆ ಇನ್ನೂ ಕಳ್ಳದಾರಿ ಇದೆಯೆಂದು ಅರ್ಥ. ನಮ್ಮಲ್ಲಿ ಹಾಗೇ ಇತ್ತು. ಗೊತ್ತಿದ್ದವರಿಂದ ತಾಣವನ್ನು ಪೂರ್ತಿ ಶುಚಿ ಮಾಡಿಸಿ, ತಂತ್ರಾಂಶ ಅಪ್‌ಡೇಟ್ ಮಾಡಿಸಿ, ಪಾಸ್‌ವರ್ಡ್ ಎಲ್ಲ ಬದಲಿಸಿದೆವು. ಜಪಾನಿ ಪುಟಗಳು ಹುಡುಕಾಟದಿಂದ ಮಾಯವಾಗುವಾಗ ಮಳೆಗಾಲ ಬಂದಿತ್ತು. ಆ ವರ್ಷದ ಬೇಸಿಗೆ ವ್ಯಾಪಾರ ಕೈತಪ್ಪಿದ್ದು ತಪ್ಪಿತು.

ಲಾಭ ಉಂಟೇ?

ಒಡೆತನ ಸಾಬೀತು ಮಾಡಿದರೆ ಗೂಗಲಿನಲ್ಲಿ ಮೇಲೆ ಬರುತ್ತೇವೆ ಎನ್ನುವವರಿದ್ದಾರೆ. ಅದು ತಪ್ಪು. ಸ್ಥಾನಕ್ಕೂ ಇದಕ್ಕೂ ಸಂಬಂಧವಿಲ್ಲ. 'ಗೂಗಲಿನಲ್ಲಿ ಮುಂದೆ ತರುತ್ತೇವೆ, ವೆರಿಫಿಕೇಶನ್ ಶುಲ್ಕ ಕೊಡಿ' ಎಂದು ಫೋನ್ ಬಂದರೆ ಕೆಳಗಿಡಿ.

ಲಾಭ ಮಾಹಿತಿಯಲ್ಲಿದೆ. ನಾವು 'ಪುನರ್ಪುಳಿ' ಎಂದಷ್ಟೇ ಬರೆದಿದ್ದೆವು. ಹೊರಗಿನವರು ಹುಡುಕುವುದು 'ಕೋಕಂ' ಎಂದು, ಅವರಿಗೆ ನಾವು ಕಾಣುವುದು ಎಲ್ಲೋ ಕೆಳಗೆ ಎಂದು ಸರ್ಚ್ ಕನ್ಸೋಲ್ ನೋಡಿದ ಮೇಲೆಯೇ ತಿಳಿದದ್ದು. ಈಗ ಎರಡೂ ಹೆಸರು ಬರೆಯುತ್ತೇವೆ.

ನೀವು ಇವತ್ತೇ ನೋಡಿ

ಡೊಮೈನ್ ಹೆಸರು ಯಾರ ಹೆಸರಲ್ಲಿ, ಯಾರ ಇಮೇಲಿನಲ್ಲಿ ಇದೆ? ನವೀಕರಣದ ತಾರೀಕು ಯಾವಾಗ? ಸರ್ಚ್ ಕನ್ಸೋಲಿನಲ್ಲಿ ಒಡೆಯರು ಯಾರ್ಯಾರು? ಈ ಮೂರನ್ನೂ ಒಂದು ಪುಸ್ತಕದಲ್ಲಿ ಬರೆದು ಜಾಗದ ದಾಖಲೆಯ ಜೊತೆಗಿಡಿ. ನಿಮ್ಮ ಜೊತೆ ಮನೆಯ ಇನ್ನೊಬ್ಬರನ್ನೂ ಒಡೆಯರಾಗಿ ಸೇರಿಸಿ. ತಾಣ ಮಾಡಿಕೊಡುವವರಿಗೆ ಕೆಲಸದ ಮಟ್ಟಿಗೆ ಬಳಕೆದಾರರ ಹಕ್ಕು ಕೊಟ್ಟರೆ ಸಾಕು.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ತೋಟದ ಪಹಣಿಯಲ್ಲಿ ಒಂದಕ್ಷರ ತಪ್ಪಿದರೂ ತಾಲೂಕು ಕಚೇರಿಗೆ ಓಡುವ ನಾನು, ಈ ಪಹಣಿ ಯಾರ ಹೆಸರಲ್ಲಿದೆ ಎಂದು ಐದು ವರ್ಷ ಕೇಳಲೇ ಇಲ್ಲ. ತಪ್ಪು ನನ್ನದೇ.