ಆಪ್ಷನ್ ಎಂಟ್ರಿ: ಮೊದಲು ಚೀಟಿ ಬರೆಯಿರಿ, ಆಮೇಲೆ ಕಂಪ್ಯೂಟರ್ ಮುಂದೆ ಕೂರಿ

ಸಿಇಟಿ ರ‍್ಯಾಂಕ್ ಬಂದ ಮರುದಿನದಿಂದ ಎಂಜಿನಿಯರಿಂಗ್ ಸೇರುವ ಮಕ್ಕಳ ಮನೆಗಳಲ್ಲಿ ಒಂದೇ ಮಾತು: ‘ಯಾವ ಕಾಲೇಜು ಹಾಕೋಣ?’ ಪಿಯು ಕಾಲೇಜಿನಲ್ಲಿ ಗಣಿತ ಕಲಿಸುವ ನನಗೆ ಆ ದಿನಗಳಲ್ಲಿ ಫೋನ್ ಕೆಳಗಿಡಲು ಆಗುವುದಿಲ್ಲ. ಈ ಲೇಖನ ಬರೆಯುತ್ತಿರುವುದು ಒಬ್ಬ ಹುಡುಗನನ್ನು ನೆನೆದುಕೊಂಡು. ಅವನಿಗೆ ಬೇಕಿದ್ದದ್ದು ಬೆಂಗಳೂರಿನ ಕೆ.ಆರ್. ವೃತ್ತದ ಯುವಿಸಿಇ. ‘ಅದು ಸಿಗೋದು ಕಷ್ಟ, ಮೊದಲು ಗ್ಯಾರಂಟಿ ಇರೋದನ್ನ ಹಾಕು’ ಎಂದು ಯಾರೋ ಹೇಳಿದರೆಂದು ಸುಲಭವಾಗಿ ಸಿಗುವ ಕಾಲೇಜನ್ನು ಒಂದನೇ ಸ್ಥಾನಕ್ಕೆ ಹಾಕಿ, ಯುವಿಸಿಇಯನ್ನು ನಾಲ್ಕಕ್ಕೆ ಇಳಿಸಿದ. ಒಂದನೆಯದೇ ಸಿಕ್ಕಿತು. ಕಟ್-ಆಫ್ ಪ್ರಕಟವಾದಾಗ ನೋಡಿದರೆ, ಅವನ ರ‍್ಯಾಂಕಿಗೆ ಯುವಿಸಿಇಯಲ್ಲೂ ಸೀಟಿತ್ತು. ‘ಸರ್, ಇನ್ನು ಬದಲಾಯಿಸೋಕೆ ಆಗಲ್ವಾ?’ ಎಂದು ಅವನ ತಂದೆ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಸೀಟು ಹಂಚುವುದು ಹೇಗೆ?

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ಅವರು ಕೊಟ್ಟ ಆಪ್ಷನ್ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬಂದು, ಅವರಿಗೆ ಅರ್ಹತೆಯಿರುವ, ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತದೆ. ಮೇಲಿನ ಮೂರು ಸಿಗಲಿಲ್ಲವೆಂದು ನಾಲ್ಕನೆಯದರ ಮೇಲಿನ ನಿಮ್ಮ ಹಕ್ಕು ಒಂದು ಚೂರೂ ಕಡಿಮೆಯಾಗುವುದಿಲ್ಲ. ಆಸೆಪಟ್ಟ ಕಾಲೇಜನ್ನು ಮೇಲೆ ಹಾಕಿದರೆ ನಷ್ಟವಿಲ್ಲ. ಆದರೆ ಒಂದು ಸೀಟು ಸಿಕ್ಕಿತೆಂದರೆ ಪಟ್ಟಿಯಲ್ಲಿ ಅದರ ಕೆಳಗಿರುವುದೆಲ್ಲ ಅಲ್ಲಿಗೆ ಮುಗಿಯಿತು. ಮುಂದಿನ ಸುತ್ತಿನಲ್ಲಿ ನೋಡುವುದು ಅದಕ್ಕಿಂತ ಮೇಲಿನವನ್ನು ಮಾತ್ರ. ಹಾಗಾಗಿ ಪಟ್ಟಿಯ ಕ್ರಮ ಭಯದ ಕ್ರಮವಾಗಬಾರದು, ಇಷ್ಟದ ಕ್ರಮವಾಗಬೇಕು.

ಕಟ್-ಆಫ್: ನಿಮ್ಮ ಕಾಲಂ ಯಾವುದು?

ಹಿಂದಿನ ವರ್ಷದ ಕಟ್-ಆಫ್ ಪಟ್ಟಿ ಪ್ರಾಧಿಕಾರದ ವೆಬ್‌ಸೈಟ್‌ನಲ್ಲೇ ಇರುತ್ತದೆ. ಹೆಚ್ಚಿನವರು ಜಿಎಂ (ಸಾಮಾನ್ಯ ವರ್ಗ) ಕಾಲಂ ಮಾತ್ರ ನೋಡಿ ಕೈಚೆಲ್ಲುತ್ತಾರೆ. 2ಎ ವರ್ಗದ ಹುಡುಗಿ ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದ್ದರೆ ಅವಳು 2ಎಆರ್ ಕಾಲಂ ನೋಡಬೇಕು. ಆ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ 2ಎಕೆ ಕೂಡ ಅವಳದೇ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ತಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟುಗಳಿವೆ. ಅವರ ಕಟ್-ಆಫ್ ಬೇರೆಯೇ. ಈ ಮೀಸಲಾತಿಗಳೆಲ್ಲ ನಿಮ್ಮ ವೆರಿಫಿಕೇಶನ್ ಸ್ಲಿಪ್‌ನಲ್ಲಿ ಸರಿಯಾಗಿ ನಮೂದಾಗಿವೆಯೇ ಎಂದು ಮೊದಲು ನೋಡಿಕೊಳ್ಳಿ.

ಕಟ್-ಆಫ್ ಪ್ರತಿವರ್ಷ ಹಿಂದೆ ಮುಂದೆ ಆಗುತ್ತದೆ. ನಿಮ್ಮ ರ‍್ಯಾಂಕ್ 20 ಸಾವಿರವಿದ್ದರೆ, 12 ಸಾವಿರಕ್ಕೆ ಮುಗಿದ ಸೀಟಿನಿಂದ ಹಿಡಿದು 35 ಸಾವಿರದವರೆಗೂ ಹೋದ ಸೀಟಿನ ತನಕ ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಮೊದಲ ಸುತ್ತಿನದಷ್ಟೇ ಅಲ್ಲ, ಕೊನೆಯ ಸುತ್ತಿನದನ್ನೂ ನೋಡಿ.

ಚೀಟಿಯ ಕೆಲಸ

ನನ್ನ ತಂಗಿಯ ಮಗಳ ಸರದಿ ಬಂದಾಗ ನಾವು ಹಳೆಯ ನೋಟ್‌ಬುಕ್ ಹರಿದು ನಲವತ್ತು ಚೀಟಿ ಮಾಡಿದೆವು. ಒಂದು ಚೀಟಿಗೆ ಒಂದು ಕಾಲೇಜು, ಒಂದು ಬ್ರಾಂಚು. ಎರಡು ಚೀಟಿ ಕೈಗೆತ್ತಿಕೊಂಡು ಅವಳನ್ನು ಕೇಳುವುದು: ‘ಇವೆರಡೂ ಸೀಟು ಇವತ್ತೇ ಸಿಕ್ಕರೆ ಯಾವುದಕ್ಕೆ ಹೋಗ್ತೀಯ?’ ಗೆದ್ದ ಚೀಟಿ ಮೇಲೆ, ಸೋತದ್ದು ಕೆಳಗೆ. ಮೈಸೂರಿನ ಎನ್ಐಇ ಮೆಕ್ಯಾನಿಕಲ್ ಎದುರು ಬೆಂಗಳೂರಿನ ಹೊರವಲಯದ ಹೊಸ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಬಂದಾಗ ಅವಳು ಹತ್ತು ನಿಮಿಷ ಮಾತಾಡಲಿಲ್ಲ. ಅವಳಮ್ಮ ಹಾಸ್ಟೆಲ್ ಖರ್ಚು ಲೆಕ್ಕ ಹಾಕುತ್ತಿದ್ದಳು, ಅಪ್ಪ ‘ಕಂಪ್ಯೂಟರ್ ಅಂದ್ರೆ ಕೆಲಸ’ ಎನ್ನುತ್ತಿದ್ದರು. ಕೊನೆಗೆ ಅವಳೇ ಮೈಸೂರಿನ ಚೀಟಿಯನ್ನು ಮೇಲಕ್ಕಿಟ್ಟಳು. ಸಂಜೆಯ ಹೊತ್ತಿಗೆ ನೆಲದ ಮೇಲೆ ಒಂದು ಉದ್ದ ಸಾಲು ಸಿದ್ಧವಾಗಿತ್ತು.

ಕಾಲೇಜೋ ಬ್ರಾಂಚೋ ಎಂದು ಕೇಳಿದರೆ ನನ್ನ ಅಭಿಪ್ರಾಯ ಹೀಗಿದೆ. ಒಂದು ಬ್ರಾಂಚನ್ನು ಕಂಡರೆ ಮಗುವಿಗೆ ಆಗುವುದೇ ಇಲ್ಲವೆಂದರೆ ಆ ಚೀಟಿ ಪಟ್ಟಿಯಲ್ಲೇ ಬೇಡ. ಉಳಿದಂತೆ, ಬೋರ್ಡಿನ ಮೇಲಿನ ಹೊಸ ಹೊಸ ಹೆಸರಿಗಿಂತ ಒಳಗೆ ಪಾಠ ಮಾಡುವವರು ಯಾರು ಎಂಬುದು ಮುಖ್ಯ. ಸಾಧ್ಯವಿದ್ದರೆ ಒಂದು ಕೆಲಸದ ದಿನ ಹೋಗಿ ಬನ್ನಿ. ಆಫೀಸಿನವರನ್ನಲ್ಲ, ಕ್ಯಾಂಟೀನಿನಲ್ಲಿ ಕೂತ ಮೂರನೇ ವರ್ಷದವರನ್ನು ಮಾತಾಡಿಸಿ. ಲ್ಯಾಬ್ ನಡೆಯುತ್ತದೆಯೇ, ಮೇಷ್ಟ್ರುಗಳು ವರ್ಷದ ನಡುವೆ ಬಿಟ್ಟು ಹೋಗುತ್ತಾರೆಯೇ, ಸೀನಿಯರ್‌ಗಳು ಎಲ್ಲಿ ಕೆಲಸಕ್ಕೆ ಸೇರಿದ್ದಾರೆ ಎಂದು ಕೇಳಿ. ಎನ್‌ಬಿಎ ಮಾನ್ಯತೆ ಇಡೀ ಕಾಲೇಜಿಗಲ್ಲ, ಒಂದೊಂದು ಬ್ರಾಂಚಿಗೆ ಬೇರೆ ಬೇರೆಯಾಗಿ ಸಿಗುತ್ತದೆ ಎಂಬುದೂ ನೆನಪಿರಲಿ.

ಶುಲ್ಕವನ್ನು ಚೀಟಿಯ ಹಿಂಬದಿಗೆ ಬರೆದುಕೊಳ್ಳಿ. ಒಂದೇ ಕಾಲೇಜಿನಲ್ಲಿ ಅನುದಾನಿತ ಬ್ರಾಂಚಿಗೊಂದು, ಅನುದಾನರಹಿತಕ್ಕೊಂದು ಶುಲ್ಕ ಇರಬಹುದು. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷ ರೂಪಾಯಿಯೊಳಗಿದ್ದರೆ ಎಸ್‌ಎನ್‌ಕ್ಯೂ ಎಂಬ ಶೇ 5 ಹೆಚ್ಚುವರಿ ಸೀಟುಗಳಲ್ಲಿ ಬೋಧನಾ ಶುಲ್ಕದ ವಿನಾಯಿತಿ ಇದೆ. ಸಾಲ ಮಾಡಿದರೂ ಕಟ್ಟಲಾಗದ ಸೀಟಿನ ಚೀಟಿಯನ್ನು ಈಗಲೇ ತೆಗೆದುಬಿಡಿ. ಸಿಕ್ಕ ಮೇಲೆ ಬಿಡುವುದು ಇನ್ನೂ ನೋವು.

ನಮೂದಿಸುವಾಗ

ಚೀಟಿಗಳ ಸಾಲನ್ನು ಹಾಳೆಗೆ ಇಳಿಸಿ, ಕಾಲೇಜು ಕೋಡ್ ಸಮೇತ ಬರೆದು, ಆಮೇಲೆ ಲಾಗಿನ್ ಆಗಿ. ಎಷ್ಟು ಆಪ್ಷನ್ ಬೇಕಾದರೂ ಕೊಡಬಹುದು, ಜಿಪುಣತನ ಬೇಡ. ಸೈಬರ್ ಸೆಂಟರಿಗೆ ಹೋದರೂ ಪಾಸ್‌ವರ್ಡ್, ಒಟಿಪಿ ನಿಮ್ಮ ಬಳಿಯೇ ಇರಲಿ. ಮುಗಿದ ಮೇಲೆ ಪ್ರಿಂಟ್ ತೆಗೆದು ಹಾಳೆಯ ಜೊತೆ ಒಂದೊಂದೇ ಸಾಲು ತಾಳೆ ನೋಡಿ.

ನಂತರ ಬರುವ ಮಾಕ್ ಹಂಚಿಕೆಯಲ್ಲಿ ಕಾಣುವುದು ಸೀಟಲ್ಲ, ಅಂದಾಜು. ಅದನ್ನು ನೋಡಿ ಪಟ್ಟಿಗೆ ಸೇರಿಸಬಹುದು, ತೆಗೆಯಬಹುದು, ಮೇಲೆ ಕೆಳಗೆ ಮಾಡಬಹುದು. ಮಾಕ್‌ನಲ್ಲಿ ಏನೂ ಸಿಗದಿದ್ದರೆ ಪಟ್ಟಿಯ ಬುಡಕ್ಕೆ ಇನ್ನಷ್ಟು ಸೇರಿಸಿ. ತಲೆಯನ್ನು ಕತ್ತರಿಸಬೇಡಿ.

ನಿಜವಾದ ಸುತ್ತಿನಲ್ಲಿ ಸೀಟು ಬಂದಾಗ ನಾಲ್ಕು ಚಾಯ್ಸ್ ಇರುತ್ತವೆ. ಒಂದು, ಒಪ್ಪಿ ಸೇರುವುದು. ಎರಡು, ಇದನ್ನು ಹಿಡಿದಿಟ್ಟುಕೊಂಡು ಇನ್ನೂ ಮೇಲಿನದಕ್ಕೆ ಕಾಯುವುದು. ಮೂರು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು, ಹೊರಬರುವುದು. ಮೂರನೆಯದನ್ನು ಒತ್ತುವ ಮುನ್ನ ಮನೆಯವರೆಲ್ಲ ಕೂತು ಮಾತಾಡಿ, ಬಿಟ್ಟ ಸೀಟು ಮತ್ತೆ ಬರುತ್ತದೆಂಬ ಭರವಸೆ ಇಲ್ಲ. ಶುಲ್ಕ ಕಟ್ಟುವ ನಿಯಮ, ಕೊನೆಯ ದಿನಾಂಕಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಿಕೊಳ್ಳಿ. ಚೀಟಿಗಳಿಂದ ಇಳಿಸಿದ ಆ ಹಾಳೆಯನ್ನು ಮಾತ್ರ ಎಸೆಯಬೇಡಿ, ಎರಡನೇ ಸುತ್ತು ಮುಗಿಯುವವರೆಗೆ ಕ್ಯಾಲೆಂಡರಿನ ಪಕ್ಕ ಅಂಟಿಸಿಡಿ.