ದಂಗೆಯ ಕಾಲದ ಬೆಳ್ಳಿ ನಾಣ್ಯ

ಅಕ್ಕಂದಿರೇ, ಒಂದು ರೂಪಾಯಿ ನಾಣ್ಯ ತೆಗೆದು ನೋಡಿರಿ. ಸಿಂಹದ ಮುದ್ರೆ ಇದೆ. ‘ಭಾರತ’ ಎಂದು ಬರೆದಿದೆ. ನಾಣ್ಯ ನೋಡಿದರೆ ಆಳುವವರು ಯಾರೆಂದು ತಿಳಿಯುತ್ತದೆ.

ಪಶ್ಚಿಮ ಏಷ್ಯಾದಲ್ಲಿ ಜೆರುಸಲೇಮ್ ಎಂಬ ಊರಿದೆ. ಸುಮಾರು 2000 ವರ್ಷಗಳ ಹಿಂದೆ ಅಲ್ಲಿನ ಯಹೂದಿ ಜನರನ್ನು ರೋಮ್ ಚಕ್ರವರ್ತಿ ಆಳುತ್ತಿದ್ದ. ಅವನ ಅಧಿಕಾರಿ ದೇವಾಲಯದ ಹಣಕ್ಕೇ ಕೈ ಹಾಕಿದ. ಜನ ಸುಮ್ಮನಿರುತ್ತಾರೆಯೇ? ಕ್ರಿ.ಶ. 66ರಲ್ಲಿ ದಂಗೆ ಎದ್ದರು.

ಅಲ್ಲಿ ಗಂಡಸರೆಲ್ಲ ವರ್ಷಕ್ಕೊಮ್ಮೆ ದೇವಾಲಯಕ್ಕೆ ಬೆಳ್ಳಿ ಕಾಣಿಕೆ ಕೊಡಬೇಕಿತ್ತು. ಅದಕ್ಕೆ ಟೈರ್ ಎಂಬ ಊರಿನ ನಾಣ್ಯವೇ ಆಗಬೇಕಿತ್ತು. ಅದರ ಮೇಲೆ ಬೇರೆ ದೇವರ ಮುಖ!

ದಂಗೆ ಎದ್ದವರು ತಮ್ಮದೇ ನಾಣ್ಯ ಹೊಡೆಸಿದರು. ಅದರ ಹೆಸರು ಶೆಕೆಲ್. ತೂಕ ಸುಮಾರು 14 ಗ್ರಾಂ, ಅಂದರೆ ಒಂದು ತೊಲಕ್ಕಿಂತ ಜಾಸ್ತಿ. ಅದರಲ್ಲಿ ಯಾರ ಮುಖವೂ ಇಲ್ಲ. ಒಂದು ಕಡೆ ಬಟ್ಟಲು. ಇನ್ನೊಂದು ಕಡೆ ದಾಳಿಂಬೆಯ ಮೂರು ಮೊಗ್ಗು. ಸುತ್ತಲೂ ‘ಪವಿತ್ರ ಜೆರುಸಲೇಮ್’ ಎಂಬ ಬರಹ. ಆಗ ದಿನಬಳಕೆಯ ಲಿಪಿ ಬೇರೆ ಇತ್ತು. ಆದರೂ ನಾಣ್ಯಕ್ಕೆ ಹಿರಿಯರ ಕಾಲದ ಹಳೆಯ ಅಕ್ಷರಗಳನ್ನೇ ಕೆತ್ತಿಸಿದರು. ಅಕ್ಷರದ ಮೇಲೆ ಎಂಥಾ ಅಭಿಮಾನ ನೋಡಿ!

ದಂಗೆಯ ಎಷ್ಟನೆಯ ವರ್ಷ ಎಂಬುದನ್ನೂ ಬರೆಸುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು. ಐದನೆಯ ವರ್ಷದ ನಾಣ್ಯ ಬಹಳ ಕಡಿಮೆ. ಯಾಕೆಂದರೆ 70ರಲ್ಲಿ ರೋಮ್ ಸೈನ್ಯ ಊರನ್ನು ಹಿಡಿಯಿತು, ದೇವಾಲಯವನ್ನು ಸುಟ್ಟಿತು.

ಆಮೇಲೆ ರೋಮ್ ತನ್ನ ಬೆಳ್ಳಿ ನಾಣ್ಯ ಹೊಡೆಸಿತು. ಅದರಲ್ಲಿ ದುಃಖದಿಂದ ನೆಲದ ಮೇಲೆ ಕೂತ ಒಬ್ಬ ಹೆಂಗಸು. ಸೋತ ನಾಡು ಅಂದರೆ ಅವಳೇ ಅಂತೆ! ಕೆಳಗೆ ಆ ನಾಡಿನ ಹೆಸರು, ‘ಜುದೇಯ’.

1960ರ ದಶಕದಲ್ಲಿ ಮಸಾದ ಎಂಬ ಬೆಟ್ಟದ ಕೋಟೆಯನ್ನು ಅಗೆದರು. ಮಣ್ಣಿನಡಿ ಶೆಕೆಲ್‌ಗಳು ಸಿಕ್ಕವು. ಐದನೆಯ ವರ್ಷದವೂ ಅದರಲ್ಲಿದ್ದವು.