ಉಣುಗು ಕಚ್ಚಿದ ಮೇಲೆ ನಮ್ಮ ಒಳಗೆ ಏನಾಗುತ್ತದೆ?



ಮಳೆಗಾಲ ಮುಗಿದು ದರಕು ಗುಡಿಸುವ ದಿನ ಬಂತೆಂದರೆ ನಮ್ಮ ಅರ್ಧ ಕೆಲಸ ಕಾಡಿನಲ್ಲೇ. ಕೊಟ್ಟಿಗೆಗೆ ಸೊಪ್ಪು ಬೇಕು, ಒಲೆಗೆ ಕಟ್ಟಿಗೆ ಬೇಕು, ದನ-ಎಮ್ಮೆ ಮೇಯಿಸಬೇಕು. ಮಂಗನ ಕಾಯಿಲೆ ಹರಡುವುದೂ ಇದೇ ದಿನಗಳಲ್ಲಿ, ಅಂದರೆ ನವೆಂಬರ್ ಡಿಸೆಂಬರಿನಿಂದ ಮೇ ತನಕ. "ಅದು ಆ ಕಡೆಯ ರೋಗ, ನಮ್ಮ ಕಡೆ ಇಲ್ಲ" ಎಂದು ಹೇಳುವವರಿದ್ದಾರೆ. ಸ್ವಲ್ಪ ನಕ್ಷೆ ನೋಡೋಣ.

ಈ ರೋಗ ಮೊದಲು ಗೊತ್ತಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅಲ್ಲಿ ಮಂಗಗಳು ಸಾಲಾಗಿ ಸತ್ತವು, ಜನರಿಗೂ ಜ್ವರ ಬಂತು. 2015ರಲ್ಲಿ ಗೋವಾದ ಸತ್ತರಿ ತಾಲೂಕಿನಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಕಾಣಿಸಿತು. 2024ರಲ್ಲಿ ನಮ್ಮದೇ ಜಿಲ್ಲೆಯ ಸಿದ್ದಾಪುರ ತಾಲೂಕಿನಲ್ಲಿ ಅನೇಕರಿಗೆ ಬಂದು ಸಾವೂ ಆಯಿತು. ದಾಂಡೇಲಿ, ಜೋಯಿಡಾ, ಕೋಗಿಲಬನದ ನಾವು ಇವೆರಡರ ನಡುವೆ ಇದ್ದೇವೆ. ಆದ್ದರಿಂದ ಭಯ ಬೇಡ, ತಿಳುವಳಿಕೆ ಬೇಕು.

ವೈರಸ್ ಎಂದರೆ ಏನು?

ಮಂಗನ ಕಾಯಿಲೆಯ ವೈರಸ್ ಡೆಂಗ್ಯೂ ವೈರಸ್‌ನ ಬಳಗಕ್ಕೆ ಸೇರಿದ್ದು. ಒಂದು ಮಿಲಿಮೀಟರ್ ಜಾಗದಲ್ಲಿ ಸುಮಾರು 20,000 ವೈರಸ್‌ಗಳನ್ನು ಸಾಲಾಗಿ ಇಡಬಹುದು, ಅಷ್ಟು ಸಣ್ಣದು. ಅದು ತಾನಾಗಿ ಬೆಳೆಯಲಾರದು. ಅದರೊಳಗೆ ಇರುವುದು ಆರ್‌ಎನ್‌ಎ ಎಂಬ ಒಂದು ಎಳೆ. ಅದನ್ನು ಅಡುಗೆಯ ಚೀಟಿ ಎಂದುಕೊಳ್ಳಿ. ಚೀಟಿ ಇದೆ, ಆದರೆ ಒಲೆ, ಪಾತ್ರೆ, ಸಾಮಾನು ಯಾವುದೂ ಇಲ್ಲ. ಅವೆಲ್ಲ ಇರುವುದು ನಮ್ಮ ಜೀವಕೋಶದೊಳಗೆ. ಹಾಗಾಗಿ ಒಳಗೆ ನುಗ್ಗುವುದೇ ಅದರ ಮೊದಲ ಕೆಲಸ.

ಈ ಕೆಲಸಕ್ಕೆ ಅದರ ಮೈಯನ್ನು ಕಟ್ಟಿದ ಪ್ರೋಟೀನುಗಳೇ ಸಾಧನ. ಅವು ಮೂರು ಬಗೆ:

1. ಸಿ ಪ್ರೋಟೀನು – ಚೀಟಿಯನ್ನು ಸುತ್ತಿಟ್ಟ ಗಂಟು.
2. ಎಂ ಪ್ರೋಟೀನು – ಹೊಸ ವೈರಸ್ ತಯಾರಾಗುವಾಗ ಮುಚ್ಚಳದಂತೆ ಕಾಯುವಂಥದ್ದು.
3. ಇ ಪ್ರೋಟೀನು – ಹೊರಗಿನ ಹೊದಿಕೆ. ಒಂದು ವೈರಸ್ ಮೇಲೆ ಇಂಥವು 180 ಇರುತ್ತವೆ. ಬಾಗಿಲು ತೆರೆಯುವುದು ಇದೇ.

ಒಳಗೆ ನುಗ್ಗುವ ಬಗೆ

ಸೋಂಕು ಇರುವ ಉಣುಗು ಕಚ್ಚಿದಾಗ ಅದರ ಜೊಲ್ಲಿನ ಜೊತೆ ವೈರಸ್ ನಮ್ಮ ಚರ್ಮದೊಳಗೆ ಇಳಿಯುತ್ತದೆ. ಅಲ್ಲಿ ಇ ಪ್ರೋಟೀನು ಜೀವಕೋಶದ ಮೈಗೆ ಅಂಟಿಕೊಳ್ಳುತ್ತದೆ. ಏನೋ ಬೇಕಾದ ವಸ್ತು ಬಂತು ಎನ್ನುವಂತೆ ಜೀವಕೋಶ ಅದನ್ನು ಒಂದು ಪುಟ್ಟ ಚೀಲ ಮಾಡಿ ಒಳಗೆ ಎಳೆದುಕೊಳ್ಳುತ್ತದೆ. ಅಂದರೆ ಕಳ್ಳನನ್ನು ಮನೆಯವರೇ ಕರೆದುಕೊಂಡ ಹಾಗಾಯಿತು.

ಸ್ವಲ್ಪ ಹೊತ್ತಿಗೆ ಆ ಚೀಲದೊಳಗೆ ಹುಳಿ ಹೆಚ್ಚುತ್ತದೆ. ಹಾಲಿಗೆ ಲಿಂಬೆರಸ ಹಿಂಡಿದರೆ ಏನಾಗುತ್ತದೆ? ಹಾಲು ಒಡೆಯುತ್ತದೆ, ಯಾಕೆಂದರೆ ಹುಳಿ ತಾಗಿದರೆ ಪ್ರೋಟೀನಿನ ಸ್ಥಿತಿ ಬದಲಾಗುತ್ತದೆ. ಇಲ್ಲೂ ಹುಳಿ ತಾಗಿದ ಕೂಡಲೇ ಮಲಗಿದ್ದ ಇ ಪ್ರೋಟೀನುಗಳು ಎದ್ದು, ಮೂರು ಮೂರಾಗಿ ಕೂಡಿ, ಚೀಲದ ಗೋಡೆಗೆ ಚುಚ್ಚಿಕೊಂಡು ಬಾಗುತ್ತವೆ. ವೈರಸ್‌ನ ಪೊರೆ, ಚೀಲದ ಪೊರೆ ಎರಡೂ ಬೆಸೆದು ದಾರಿ ತೆರೆಯುತ್ತದೆ. ಗಂಟು ಬಿಚ್ಚಿ ಚೀಟಿ ಹೊರಬೀಳುತ್ತದೆ. ಜೀವಕೋಶ ಅದನ್ನು ತನ್ನದೇ ಚೀಟಿ ಎಂದು ಓದಿ ವೈರಸ್‌ನ ಪ್ರೋಟೀನುಗಳನ್ನು ಮಾಡತೊಡಗುತ್ತದೆ.

ಹೊಸ ವೈರಸ್‌ಗಳು ಹೊರಗೆ ಹೋಗುವ ದಾರಿಯಲ್ಲೂ ಹುಳಿ ಇರುತ್ತದೆ. ಅಲ್ಲೇ ಇ ಪ್ರೋಟೀನು ಎದ್ದುಬಿಟ್ಟರೆ ವೈರಸ್ ಕೆಟ್ಟಿತು. ಅದಕ್ಕೇ ಎಂ ಪ್ರೋಟೀನಿನ ಮುಚ್ಚಳ. ಕೊನೆಗೆ ಆ ಮುಚ್ಚಳವನ್ನು ಕತ್ತರಿಸಿಕೊಡುವುದೂ ನಮ್ಮ ಜೀವಕೋಶದ ಕಿಣ್ವವೇ!

ಇದನ್ನು ತಿಳಿದು ನಮಗೇನು ಲಾಭ?

ಒಂದು: ಲಸಿಕೆ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಾಗುತ್ತದೆ. ಲಸಿಕೆ ಹಾಕಿಸಿಕೊಂಡ ಮೈ, ಇ ಪ್ರೋಟೀನನ್ನು ಹಿಡಿದುಹಾಕುವ ಪ್ರತಿಕಾಯಗಳನ್ನು ಮಾಡಿಟ್ಟುಕೊಳ್ಳುತ್ತದೆ. ಕೈ ಕಟ್ಟಿದ ಕಳ್ಳ ಬಾಗಿಲು ತೆರೆಯಲಾರ. ಮಂಗನ ಕಾಯಿಲೆಗೆ ಮೊದಲು ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಹೊಸದಕ್ಕಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೆಲಸ ಮಾಡುತ್ತಿದೆ. "ಹಿಂದೆ ಸೂಜಿ ಹಾಕಿಸಿಕೊಂಡಿದ್ದೆ, ನನಗೇನೂ ಆಗಲ್ಲ" ಎಂದು ನಂಬಿ ಕೂರಬೇಡಿ.

ಎರಡು: ಕೊರೊನಾ ಕಾಲದಲ್ಲಿ ಸಾಬೂನು ಕೈಮೇಲಿನ ವೈರಸ್‌ನ ಕೊಬ್ಬಿನ ಪೊರೆಯನ್ನೇ ಒಡೆಯುತ್ತಿತ್ತು. ಇಲ್ಲಿ ಉಣುಗು ವೈರಸ್ಸನ್ನು ಚರ್ಮದ ಒಳಗೇ ಬಿಡುತ್ತದೆ, ಅಲ್ಲಿಗೆ ಸಾಬೂನು ಮುಟ್ಟುವುದಿಲ್ಲ. ಕಾಡಿನಿಂದ ಬಂದ ಕೂಡಲೇ ಬಿಸಿನೀರು, ಸಾಬೂನಿನಿಂದ ಮೀಯಬೇಕು ಅನ್ನುವುದು ಮೈಮೇಲೆ ಹರಿದಾಡುವ ಉಣುಗು ಕಚ್ಚುವ ಮೊದಲೇ ಹೋಗಲಿ ಎಂದು. ಮರಿ ಉಣುಗು ಎಳ್ಳಿನಷ್ಟು ಸಣ್ಣದು, ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ನಾಳೆ ಮಿಂದರಾಯ್ತು ಅನ್ನಬೇಡಿ.

ಮೂರು: ಮಂಗನನ್ನು ದೂರಿ ಫಲವಿಲ್ಲ, ಅದಕ್ಕೂ ಕಚ್ಚುವುದು ಉಣುಗೇ. ಸತ್ತ ಮಂಗನ ಮೈಯಿಂದ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಮುಟ್ಟಬೇಡಿ, ಆ ಜಾಗಕ್ಕೆ ಹೋಗಬೇಡಿ. ಆಶಾ ಕಾರ್ಯಕರ್ತೆಗೆ ಅಥವಾ ಪಂಚಾಯತಿಗೆ ತಿಳಿಸಿ. ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ರೋಗಿಯ ಮನೆಯವರನ್ನು ದೂರ ಇಡುವುದು ತಪ್ಪು.

ಜ್ವರ ಬಂದರೆ

ಕಚ್ಚಿದ 3ರಿಂದ 8 ದಿನದಲ್ಲಿ ಒಮ್ಮೆಲೇ ಜ್ವರ, ಹಣೆನೋವು, ವಿಪರೀತ ಮೈಕೈ ನೋವು, ವಾಂತಿ ಬರಬಹುದು. ಕೆಲವರಿಗೆ ರಕ್ತಸ್ರಾವ. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಬಂದು ಮೆದುಳಿಗೆ ತೊಂದರೆಯಾಗುವುದೂ ಉಂಟು. ರೋಗ ಬಂದ 100 ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಆದರೆ ಬೇಗ ಆಸ್ಪತ್ರೆ ಸೇರಿದರೆ ನೀರಿನಂಶ, ರಕ್ತದೊತ್ತಡ ನೋಡಿಕೊಂಡು ಜೀವ ಉಳಿಸುತ್ತಾರೆ. ಅಂಗಡಿಯ ನೋವಿನ ಮಾತ್ರೆ ನುಂಗಬೇಡಿ, ಕೆಲವು ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚುತ್ತದೆ. ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ನಮ್ಮ ಹೆಂಗಸರು ತಡ ಮಾಡುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಒಂದು ದಿನದ ಕೂಲಿ, ಮತ್ತು ಕೈಯಲ್ಲಿ ಬಸ್ಸಿನ ದುಡ್ಡಿಲ್ಲದ್ದು. ಇವೆರಡಕ್ಕೂ ಸಂಘ ದಾರಿ ಮಾಡಬಹುದು.

ಸಭೆಯಲ್ಲಿ ಚರ್ಚಿಸಿ:

1. ಕಾಡಿಗೆ ಹೋಗುವಾಗ ಮೈ ಮುಚ್ಚುವ ಬಟ್ಟೆ, ಉಣುಗು ಓಡಿಸುವ ಡೇಪಾ ಎಣ್ಣೆ ನಮ್ಮಲ್ಲಿ ಯಾರು ಯಾರು ಬಳಸುತ್ತೇವೆ? ಎಣ್ಣೆಗಾಗಿ ಆರೋಗ್ಯ ಕೇಂದ್ರದಲ್ಲಿ ಕೇಳಿದ್ದೇವೆಯೇ?
2. ಜ್ವರ ಬಂದ ಸದಸ್ಯೆಗೆ ಅದೇ ದಿನ ತುರ್ತು ಸಾಲ ಕೊಡಲು ಠರಾವು ಮಾಡೋಣವೇ?
3. ಇ ಪ್ರೋಟೀನು ಬಾಗಿಲು ತೆರೆಯುವ ಬಗೆಯನ್ನು ಮನೆಯ ಮಕ್ಕಳಿಗೆ ಹಾಲು-ಲಿಂಬೆಯ ಉದಾಹರಣೆಯಿಂದ ಹೇಳಿ ನೋಡಿ. ಅವರು ಏನು ಕೇಳಿದರು?